ಬ್ಲಫ್ ಅಲ್ಲ, ನಿಜ: ಮಗುವನ್ನ ಯಾವ ಶಾಲೆಗೆ ಸೇರಿಸೋದು?

ಭಾಗ 1/7

ಫ್ರೆಂಡ್ಸ್, ಹೊಸದಾಗಿ ಫಾಲೋ ಮಾಡ್ತಿರೋರಿಗೆ ಒಂದು ಮಾತು. ನಮ್ಮೂರ ಹೆಸರು ನಿಜವಾಗ್ಲೂ ಬ್ಲಫ್. ಮಳವಳ್ಳಿ ತಾಲ್ಲೂಕು, ಶಿವನಸಮುದ್ರ, ಗಗನಚುಕ್ಕಿ ಪಕ್ಕ. ಕಾಲೇಜಲ್ಲಿ ಊರ ಹೆಸರು ಹೇಳಿದ್ರೆ "ಬ್ಲಫ್ ಬಿಡ್ಬೇಡ" ಅಂತಾರೆ. ಅದಕ್ಕೇ ಸರಣಿಗೆ ಈ ಹೆಸರು.

ನಮ್ಮೂರು ಇತಿಹಾಸದ ಪುಸ್ತಕಕ್ಕೆ ಬಂದಿದ್ದು 1902ರಲ್ಲಿ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಶುರುವಾದ ಪವರ್ ಹೌಸ್ ಆ ವರ್ಷ ಜೂನ್‌ನಲ್ಲಿ ಕರೆಂಟ್ ಕೊಡ್ತು. ಆ ಕರೆಂಟ್ ಮೊದಲು ಹೋಗಿದ್ದು ನಮ್ಮ ಮನೆಗಳಿಗಲ್ಲ, ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. 1905ಕ್ಕೆ ಬೆಂಗಳೂರಿನ ಬೀದಿಗಳಿಗೆ ದೀಪ ಬಂತು. ಇದೆಲ್ಲ ನಿಮಗೆ ಗೊತ್ತು.

ಅದಕ್ಕಿಂತ ಒಂದು ವರ್ಷ ಮುಂಚೆ, 1901ರಲ್ಲಿ, ಮೈಸೂರಿನಲ್ಲಿ ಇನ್ನೊಂದು ಕೆಲಸ ಶುರುವಾಗಿತ್ತು. ಎಂ. ಶ್ರೀನಿವಾಸ ರಾವ್ ಅನ್ನೋರು ಕಿವುಡ ಮತ್ತು ಅಂಧ ಮಕ್ಕಳಿಗೆ ಅಂತ ಒಂದು ಶಾಲೆ ತೆರೆದರು. ಮಹಾರಾಣಿ ವಾಣಿವಿಲಾಸ ಸನ್ನಿಧಾನ ರಾಜ್ಯ ನೋಡ್ಕೊಳ್ತಿದ್ದ ಕಾಲ ಅದು. ಇವತ್ತಿಗೂ ಮೈಸೂರಿನ ತಿಲಕ್‌ನಗರದಲ್ಲಿ ಕಿವುಡ ಮಕ್ಕಳ, ಅಂಧ ಮಕ್ಕಳ ಸರ್ಕಾರಿ ಶಾಲೆಗಳಿವೆ.

ಪವರ್ ಹೌಸ್ ಬಗ್ಗೆ ರೀಲ್ಸ್ ಎಷ್ಟು ಬೇಕಾದ್ರೂ ಸಿಗುತ್ತೆ. ಈ ಶಾಲೆ ಬಗ್ಗೆ ಯಾರೂ ಮಾತಾಡಲ್ಲ. ಆದ್ರೆ ಅವತ್ತಿಂದ ಇವತ್ತಿನವರೆಗೆ ಸಾವಿರಾರು ಅಪ್ಪ ಅಮ್ಮಂದಿರು ಕೇಳ್ಕೊಂಡಿರೋ ಒಂದು ಪ್ರಶ್ನೆ ಈ ಶಾಲೆಯ ಹೆಸರಲ್ಲೇ ಇದೆ: ಈ ಮಗುನ ಎಲ್ಲಿಗೆ ಸೇರಿಸೋದು?

ಭಾಗ 2/7

ಮೊದಲು ಒಂದು ಸುಲಭದ ಪ್ರಶ್ನೆ. ಶಾಲೆ ಮೈಸೂರಲ್ಲೇ ಯಾಕೆ?

ಬಿಕಾಂ ಓದೋರಿಗೆ ಉತ್ತರ ಗೊತ್ತಾಗುತ್ತೆ. ಸ್ಥಿರ ವೆಚ್ಚ. ಬ್ರೈಲ್ ಗೊತ್ತಿರೋ ಮೇಷ್ಟ್ರು ಒಬ್ಬರು, ವಿಶೇಷ ಪುಸ್ತಕ, ಕಟ್ಟಡ: ಒಂದು ಮಗುವಿಗಾದರೂ ಅಷ್ಟೇ ಖರ್ಚು, ಐವತ್ತು ಮಕ್ಕಳಿಗಾದರೂ ಹೆಚ್ಚುಕಮ್ಮಿ ಅಷ್ಟೇ. ಒಂದು ಹಳ್ಳಿಯಲ್ಲಿ ಕಣ್ಣು ಕಾಣದ ಮಗು ಒಂದೋ ಎರಡೋ ಇರುತ್ತೆ. ಹಾಗಾಗಿ ಮಕ್ಕಳನ್ನ ಒಂದು ಕಡೆ ಸೇರಿಸಬೇಕು, ಸೇರಿಸೋ ಜಾಗ ಪಟ್ಟಣವೇ ಆಗಬೇಕು.

ಇಡೀ ದೇಶದಲ್ಲಿ ಹೀಗೇ ಆಯ್ತು. ಕಿವುಡ ಮಕ್ಕಳ ಮೊದಲ ಶಾಲೆ 1885ರಲ್ಲಿ ಬೊಂಬಾಯಿಯಲ್ಲಿ. ಅಂಧರ ಮೊದಲ ಶಾಲೆ 1887ರಲ್ಲಿ ಅಮೃತಸರದಲ್ಲಿ. 1893ರಲ್ಲಿ ಕಲ್ಕತ್ತಾದಲ್ಲಿ ಇನ್ನೊಂದು ಕಿವುಡರ ಶಾಲೆ. ಆಮೇಲೆ ನಮ್ಮ ಮೈಸೂರು.

ನಮ್ಮೂರಿಂದ ಮೈಸೂರು ಎಪ್ಪತ್ತು ಚಿಲ್ಲರೆ ಕಿಲೋಮೀಟರ್. ಈಗ ಬಸ್ಸಲ್ಲಿ ಎರಡು ಗಂಟೆ. 1901ರಲ್ಲಿ ರೈಲು ಹತ್ತಬೇಕಂದ್ರೂ ಮೊದಲು ಮದ್ದೂರಿಗೋ ಮಂಡ್ಯಕ್ಕೋ ಗಾಡಿ ಕಟ್ಟಬೇಕಿತ್ತು. ಆಗ ಮಂಡ್ಯ ಜಿಲ್ಲೆ ಅನ್ನೋದೇ ಇರಲಿಲ್ಲ (ಅದು ಆಗಿದ್ದು 1939ರಲ್ಲಿ), ನಾವೆಲ್ಲ ಮೈಸೂರು ಜಿಲ್ಲೆಯವರು. ಅಂದ್ರೆ ನಮ್ಮದೇ ಜಿಲ್ಲಾ ಕೇಂದ್ರದಲ್ಲಿ ಶಾಲೆ ಇತ್ತು. ಹೋಗೋ ದಾರಿ ಇರಲಿಲ್ಲ.

ಉತ್ತರ ಕರ್ನಾಟಕದಲ್ಲಿ ಇನ್ನೊಂದು ದಾರಿ ಇತ್ತು: ಗದಗಿನ ವೀರೇಶ್ವರ ಪುಣ್ಯಾಶ್ರಮ. ಪಂಚಾಕ್ಷರಿ ಗವಾಯಿಗಳಿಗೆ ಕಣ್ಣು ಕಾಣ್ತಿರಲಿಲ್ಲ, ಅವರ ಶಿಷ್ಯ ಪುಟ್ಟರಾಜ ಗವಾಯಿಗಳಿಗೂ ಅಷ್ಟೇ. ಕಣ್ಣಿಲ್ಲದ ಮಕ್ಕಳನ್ನ ಎಲ್ಲೆಲ್ಲಿಂದಲೋ ಕರ್ಕೊಂಡ್ ಬಂದು ಅಲ್ಲಿ ಬಿಡ್ತಿದ್ರು. ಊಟ, ವಸತಿ, ಸಂಗೀತ. ಪುಟ್ಟರಾಜ ಗವಾಯಿಗಳಿಗೆ 2010ರಲ್ಲಿ ಪದ್ಮಭೂಷಣ ಬಂತು. ಆ ಆಶ್ರಮ ಎಷ್ಟು ಜನರ ಬದುಕು ಕಟ್ಟಿದೆ ಅನ್ನೋದನ್ನ ಗದಗದ ಕಡೆಯವರನ್ನ ಕೇಳಿ.

ಒಂದು ಮಾತು ಗಮನಿಸಿ. ಆ ಕಾಲದಲ್ಲಿ ಶಾಲೆ ಆರಿಸೋದು ಅಂದ್ರೆ ಕಸುಬು ಆರಿಸೋದೂ ಆಗಿತ್ತು. ಅಂಧರ ಶಾಲೆ ಅಂದ್ರೆ ಸಂಗೀತ, ಬೆತ್ತ ಹೆಣೆಯೋದು. ಆರು ವರ್ಷದ ಮಗುವನ್ನ ಗಾಡಿ ಹತ್ತಿಸುವಾಗಲೇ ಅದರ ಅರವತ್ತು ವರ್ಷ ತೀರ್ಮಾನ ಆಗ್ತಿತ್ತು.

ಭಾಗ 3/7

ಈಗ ಕಾನೂನಿನ ಕಡೆ ಬರೋಣ. ಸ್ವಲ್ಪ ಬೋರ್ ಅನ್ಸಬಹುದು, ಆದ್ರೆ ಟ್ವಿಸ್ಟ್ ಇರೋದು ಇಲ್ಲೇ.

ಸ್ವಾತಂತ್ರ್ಯ ಬಂದಮೇಲೆ ಕಡ್ಡಾಯ ಶಿಕ್ಷಣದ ಕಾನೂನುಗಳು ಬಂದವು. 1960ರ ದೆಹಲಿ ಪ್ರಾಥಮಿಕ ಶಿಕ್ಷಣ ಕಾಯ್ದೆಯನ್ನ ಬೇರೆ ರಾಜ್ಯಗಳಿಗೆ ಮಾದರಿ ಅಂತ ಇಟ್ಟರು. ಮೈಸೂರು ರಾಜ್ಯವೂ 1961ರಲ್ಲಿ ತನ್ನ ಕಾಯ್ದೆ ಮಾಡ್ತು. ಮಗುವನ್ನ ಶಾಲೆಗೆ ಕಳಿಸದಿದ್ರೆ ತಂದೆ ತಾಯಿ ಉತ್ತರ ಕೊಡಬೇಕು. ಆದ್ರೆ ದೆಹಲಿಯ ಆ ಮಾದರಿ ಕಾಯ್ದೆಯಲ್ಲಿ ಒಂದು ಪಟ್ಟಿ ಇತ್ತು: ಮಗು ಶಾಲೆಗೆ ಬರದೇ ಇರೋಕೆ ಒಪ್ಪಬಹುದಾದ ಕಾರಣಗಳು. ಹತ್ತಿರ ಶಾಲೆ ಇಲ್ಲ ಅನ್ನೋದು ಒಂದು ಕಾರಣ. ಮಗುವಿಗೆ ದೇಹದ ಅಥವಾ ಬುದ್ಧಿಯ ನ್ಯೂನತೆ ಇದೆ, ಅದರಿಂದ ಬರೋಕಾಗಲ್ಲ ಅನ್ನೋದು ಇನ್ನೊಂದು.

ಓದೋಕೆ ದಯೆ ತರ ಕಾಣುತ್ತೆ. ಪಾಪ, ಆ ಮಗುವಿನ ಅಪ್ಪನಿಗೆ ದಂಡ ಹಾಕೋದು ಬೇಡ ಅಂತ. ಆದ್ರೆ ತಿರುಗಿಸಿ ಓದಿ. ಶಾಲೆಗೆ ಯಾರೂ ಯಾವ ಪ್ರಶ್ನೆಯನ್ನೂ ಕೇಳೋ ಹಾಗಿಲ್ಲ. ಮೆಟ್ಟಿಲ ಪಕ್ಕ ಇಳಿಜಾರು ಯಾಕಿಲ್ಲ? ಕಿವಿ ಕೇಳದ ಮಗುವಿಗೆ ಪಾಠ ಹೇಳೋ ಮೇಷ್ಟ್ರು ಯಾಕಿಲ್ಲ? ನ್ಯೂನತೆ ಇರೋದು ಮಗುವಲ್ಲಿ ಅಂತ ಬರೆದಾಯ್ತು. ಮುಗೀತು. ಮಗು ಮನೇಲಿ.

ಪಕ್ಕದಲ್ಲೇ ಬೇರೆ ಮಾತೂ ಕೇಳಿಬರ್ತಿತ್ತು. 1964ರಿಂದ 66ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗ, ಇಂಥ ಮಕ್ಕಳ ಶಿಕ್ಷಣ ಸಾಮಾನ್ಯ ಶಿಕ್ಷಣದಿಂದ ಬೇರೆ ಇರಬಾರದು ಅಂತ ಹೇಳ್ತು. 1974ರಲ್ಲಿ ಕೇಂದ್ರ ಸರ್ಕಾರ ಸಮನ್ವಯ ಶಿಕ್ಷಣದ ಒಂದು ಯೋಜನೆ ತಂತು: ಮಾಮೂಲಿ ಶಾಲೆಗೆ ಬರೋ ವಿಕಲಚೇತನ ಮಕ್ಕಳಿಗೆ ಪುಸ್ತಕ, ಸಮವಸ್ತ್ರ, ಓಡಾಟದ ಖರ್ಚು. ಆದ್ರೆ ಆ ಕಾಲದ ಸಮನ್ವಯ ಅಂದ್ರೆ ಮಗು ಶಾಲೆಗೆ ಹೊಂದಿಕೋಬೇಕು. ಶಾಲೆ ಮಗುವಿಗೆ ಹೊಂದಿಕೊಳ್ಳೋ ಮಾತು ಇನ್ನೂ ದೂರ ಇತ್ತು.

ಭಾಗ 4/7

1995: ವಿಕಲಚೇತನರ ಕಾಯ್ದೆ ಬಂತು. 18 ವರ್ಷದವರೆಗೆ "ಸೂಕ್ತ ವಾತಾವರಣದಲ್ಲಿ" ಉಚಿತ ಶಿಕ್ಷಣ. ಯಾವುದು ಸೂಕ್ತ? ಯಾರು ಹೇಳ್ಬೇಕು? ಅಲ್ಲೇ ಎಲ್ಲ ಜಗಳ.

ಆ ಕಾಯ್ದೆಯ ಪಟ್ಟಿಯಲ್ಲಿ ಇದ್ದಿದ್ದು 7 ಬಗೆಯ ವೈಕಲ್ಯ. ಆಟಿಸಂ ಇರಲಿಲ್ಲ. ಡಿಸ್ಲೆಕ್ಸಿಯಾ ಇರಲಿಲ್ಲ. 2007ರಲ್ಲಿ "ತಾರೇ ಜಮೀನ್ ಪರ್" ಬಂದಾಗ ನಾವು ಪುಟಾಣಿಗಳು, ಆಮೇಲೆ ಟಿವಿಯಲ್ಲಿ ನೋಡಿ ಅತ್ತೋರು. ಆ ಸಿನಿಮಾದಲ್ಲೂ ಕಥೆ ತಿರುಗೋದು ಶಾಲೆ ಬದಲಾಯಿಸೋ ತೀರ್ಮಾನದಿಂದಲೇ ನೋಡಿ. ಇಶಾನ್‌ಗೆ ಅಕ್ಷರ ಕೂಡಲ್ಲ, ಅಪ್ಪ ಅಮ್ಮ ಹಾಸ್ಟೆಲ್‌ಗೆ ಹಾಕ್ತಾರೆ. ಚಿತ್ರಮಂದಿರದಲ್ಲಿ ಜನ ಅಳ್ತಿದ್ದಾಗ ಆ ಹುಡುಗನ ತೊಂದರೆ ನಮ್ಮ ವಿಕಲಚೇತನರ ಕಾಯ್ದೆಯ ಲೆಕ್ಕದಲ್ಲೇ ಇರಲಿಲ್ಲ.

2009: ಶಿಕ್ಷಣದ ಹಕ್ಕು ಕಾಯ್ದೆ, ಆರ್‌ಟಿಇ. 2010ರ ಏಪ್ರಿಲ್ 1ರಿಂದ ಜಾರಿ. ಕೇಂದ್ರದ ಮಾದರಿ ನಿಯಮದ ಪ್ರಕಾರ 1ರಿಂದ 5ನೇ ಕ್ಲಾಸಿಗೆ 1 ಕಿಲೋಮೀಟರ್ ಒಳಗೆ, 6ರಿಂದ 8ಕ್ಕೆ 3 ಕಿಲೋಮೀಟರ್ ಒಳಗೆ ಶಾಲೆ ಇರಬೇಕು.

2012: ಆರ್‌ಟಿಇ ತಿದ್ದುಪಡಿ. ವಿಕಲಚೇತನ ಮಕ್ಕಳು ಸ್ಪಷ್ಟವಾಗಿ ಸೇರಿದರು. ಬಹುವಿಕಲತೆ ಅಥವಾ ತೀವ್ರ ವೈಕಲ್ಯ ಇರೋ ಮಗು ಬೇಕಿದ್ರೆ ಮನೆಯಲ್ಲೇ ಕಲೀಬಹುದು ಅಂತಲೂ ಸೇರಿಸಿದರು. "ಬೇಕಿದ್ರೆ" ಅನ್ನೋದು ಇಲ್ಲಿ ಮುಖ್ಯ. ಬೇಕು ಅನ್ನಬೇಕಾದೋರು ಮನೆಯವರು, ಶಾಲೆಯವರಲ್ಲ.

2016: ಹೊಸ ವಿಕಲಚೇತನರ ಹಕ್ಕುಗಳ ಕಾಯ್ದೆ. ಪಟ್ಟಿ 7ರಿಂದ 21ಕ್ಕೆ ಹೋಯ್ತು. ಆಟಿಸಂ ಬಂತು, ಕಲಿಕಾ ನ್ಯೂನತೆ ಬಂತು. ಇದರ 31ನೇ ಕಲಂ ನೆನಪಿಟ್ಕೊಳ್ಳಿ: ಶೇ 40 ಅಥವಾ ಹೆಚ್ಚು ವೈಕಲ್ಯ ಇರೋ 6ರಿಂದ 18 ವರ್ಷದ ಮಗುವಿಗೆ ನೆರೆಹೊರೆಯ ಶಾಲೆಯಲ್ಲಾಗಲಿ ವಿಶೇಷ ಶಾಲೆಯಲ್ಲಾಗಲಿ, ತನ್ನ ಆಯ್ಕೆಯಂತೆ, ಉಚಿತವಾಗಿ ಕಲಿಯೋ ಹಕ್ಕಿದೆ.

ತನ್ನ ಆಯ್ಕೆಯಂತೆ. ಬರದೇ ಇರೋಕೆ ಕಾರಣದ ಪಟ್ಟಿಯಿಂದ ಹೊರಟು ಈ ಎರಡು ಪದಕ್ಕೆ ಬರೋಕೆ 50 ವರ್ಷದ ಮೇಲೆ ಹಿಡೀತು.

ಭಾಗ 5/7

ಹಾಗಾದ್ರೆ ಪಕ್ಕದ ಶಾಲೆಯೇ ಸರಿ, ದೂರದ ವಿಶೇಷ ಶಾಲೆ ತಪ್ಪು ಅಂತಾನಾ? ಅಷ್ಟು ಸುಲಭ ಇಲ್ಲ.

ನಮ್ಮ ಬೀದಿಯಲ್ಲಿ ಒಬ್ಬ ಅಕ್ಕ ಇದಾರೆ. ಮಗಳಿಗೆ ಆರು ವರ್ಷ, ಹುಟ್ಟಿದಾಗಿಂದ ಕಿವಿ ಕೇಳಲ್ಲ. ಹೋದ ಬೇಸಿಗೆಯಲ್ಲಿ ಯಾರೋ "ಮೈಸೂರ್ಗೆ ಹಾಕ್ಬುಡಿ, ಅಲ್ಲಿ ಹಾಸ್ಟೆಲ್ ಅದೆ" ಅಂದ್ರು. ಅದಕ್ಕೆ ಅಕ್ಕ ಹೇಳಿದ್ದು ನಾನು ಮರೆಯಲ್ಲ: "ಕಿವಿ ಕೇಳಕಿಲ್ಲ ಅಂತ ಅವ್ವನ್ನೂ ಬುಟ್ಬುಡ್ಬೇಕಾ?"

ಪಕ್ಕದಲ್ಲೇ ಕೂತಿದ್ದ ಅಜ್ಜಿ ಅಷ್ಟೇ ಮೆತ್ತಗೆ ಕೇಳಿದ್ರು: "ಇಲ್ಲೇ ಇದ್ರೆ ಮಾತಾಡದು ಯಾರ್ ಜೊತೆ?"

ಇಬ್ಬರದೂ ಸರಿ. ಇಡೀ ಜಗತ್ತಿನಲ್ಲಿ ನಡೀತಿರೋ ವಾದ ನಮ್ಮ ಜಗಲಿ ಮೇಲೆ ಎರಡು ವಾಕ್ಯದಲ್ಲಿ ಮುಗೀತು.

1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಕಿವುಡರ ಶಿಕ್ಷಕರ ಒಂದು ಸಮ್ಮೇಳನ ನಡೀತು. ಕೈಸನ್ನೆ ಬೇಡ, ಬಾಯಲ್ಲಿ ಮಾತಾಡೋದನ್ನೇ ಕಲಿಸಿ ಅಂತ ಅಲ್ಲಿ ನಿರ್ಣಯ ಮಾಡಿದ್ರು. ಅದರ ಪರಿಣಾಮ ಮುಂದೆ ನೂರು ವರ್ಷ ಜಗತ್ತಿನ ಎಷ್ಟೋ ಶಾಲೆಗಳ ಮೇಲಾಯ್ತು. ಆದ್ರೂ ಸನ್ನೆ ಸಾಯಲಿಲ್ಲ. ಯಾಕೆ? ಕಿವುಡ ಮಕ್ಕಳೆಲ್ಲ ಒಟ್ಟಿಗೆ ಇದ್ದ ಹಾಸ್ಟೆಲ್‌ಗಳಲ್ಲಿ, ಆಟದ ಬಯಲಲ್ಲಿ, ಒಬ್ಬರಿಂದೊಬ್ಬರು ಕಲಿತರು. ದೂರದ ಶಾಲೆ ಅವ್ವನ್ನ ಕಿತ್ಕೊಳ್ತು, ಭಾಷೆ ಕೊಡ್ತು. ಭಾರತೀಯ ಸನ್ನೆ ಭಾಷೆಗೆ ಅಂತಲೇ ಒಂದು ಸರ್ಕಾರಿ ಸಂಶೋಧನಾ ಕೇಂದ್ರ ದೆಹಲಿಯಲ್ಲಿ ಆಗಿದ್ದು 2015ರಲ್ಲಿ.

ಎರಡನ್ನೂ ಉಳಿಸೋ ಪ್ರಯತ್ನವೂ ಮೈಸೂರಲ್ಲೇ ಇದೆ. 1966ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ನಮ್ಮೂರವರ ಬಾಯಲ್ಲಿ "ಸ್ಪೀಚ್ ಅಂಡ್ ಹಿಯರಿಂಗ್". ಅಲ್ಲಿನ ಪ್ರಿಸ್ಕೂಲ್‌ನಲ್ಲಿ ಮಗುವಿನ ಜೊತೆ ಅಮ್ಮನೂ ಕೂತು ಕಲೀತಾರೆ, ಆಮೇಲೆ ಮಗು ಮಾಮೂಲಿ ಶಾಲೆಗೆ ಹೋಗಲಿ ಅಂತ. ಒಳ್ಳೇದು. ಆದ್ರೆ ಕಬ್ಬಿನ ಗದ್ದೆ ಕೂಲಿ ಬಿಟ್ಟು ತಿಂಗಳುಗಟ್ಟಲೆ ಮೈಸೂರಲ್ಲಿ ಇರೋಕೆ ಎಷ್ಟು ಜನರ ಕೈಲಾಗುತ್ತೆ? ಫೀಸ್ ಸೊನ್ನೆ ಇದ್ರೂ ಕಳೆದುಕೊಳ್ಳೋ ಕೂಲಿ ಸೊನ್ನೆ ಅಲ್ಲ. ಅವಕಾಶ ವೆಚ್ಚ ಅಂತ ಎಕನಾಮಿಕ್ಸ್ ಮೇಡಂ ಹೇಳಿದ್ದು ಇದನ್ನೇ.

ಭಾಗ 6/7

ಈಗ ಲೆಕ್ಕ ಮಾಡೋಣ, ನಮ್ಮ ಸಬ್ಜೆಕ್ಟು.

ವಿಶೇಷ ಶಿಕ್ಷಕರ ಕೊರತೆ ಬಗ್ಗೆ ರಜನೀಶ್ ಕುಮಾರ್ ಪಾಂಡೆ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿತ್ತು. 2021ರ ಅಕ್ಟೋಬರ್‌ನಲ್ಲಿ ತೀರ್ಪು ಬಂತು. 2022ರಲ್ಲಿ ಕೇಂದ್ರ ಸರ್ಕಾರ ಆರ್‌ಟಿಇ ಅನುಪಾತವನ್ನ ಪ್ರಕಟಿಸ್ತು: 1ರಿಂದ 5ನೇ ಕ್ಲಾಸಲ್ಲಿ ಇಂಥ ಪ್ರತಿ 10 ಮಕ್ಕಳಿಗೆ 1 ವಿಶೇಷ ಶಿಕ್ಷಕರು, 6ರಿಂದ 8ರಲ್ಲಿ ಪ್ರತಿ 15ಕ್ಕೆ 1.

ಚೆನ್ನಾಗಿದೆ. ಆದ್ರೆ ಒಂದು ಊರಿನ ಶಾಲೆಯಲ್ಲಿ ಇರೋದೇ ಒಟ್ಟು 30 ಮಕ್ಕಳು, ಅದರಲ್ಲಿ ಕಿವಿ ಕೇಳದ ಮಗು ಒಂದು ಅಂದ್ಕೊಳ್ಳಿ. ಹತ್ತಕ್ಕೆ ಒಬ್ಬರು ಅಂದ್ರೆ ಆ ಶಾಲೆಯ ಪಾಲಿಗೆ ಒಬ್ಬ ಶಿಕ್ಷಕರಲ್ಲಿ ಹತ್ತನೇ ಒಂದು ಭಾಗ. ಪೂರ್ತಿ ಶಿಕ್ಷಕರು ಸಿಗೋದು ಹತ್ತು ಮಕ್ಕಳು ಸೇರೋ ಕಡೆ. 1901ರ ಸ್ಥಿರ ವೆಚ್ಚದ ಲೆಕ್ಕ ಮತ್ತೆ ಬಂತು ನೋಡಿ.

ಇದಕ್ಕೆ ನಮ್ಮ ರಾಜ್ಯದಲ್ಲಿ ಮಾಡಿಕೊಂಡಿರೋ ದಾರಿ ಅಂದ್ರೆ ಬಿಐಇಆರ್‌ಟಿ ಶಿಕ್ಷಕರು. ಬ್ಲಾಕ್ ಮಟ್ಟದಲ್ಲಿ ಇರ್ತಾರೆ, ಶಾಲೆಯಿಂದ ಶಾಲೆಗೆ ಸುತ್ತುತಾರೆ, ಬರೋಕಾಗದ ಮಕ್ಕಳ ಮನೆಗೂ ಹೋಗ್ತಾರೆ.

ಸಮಗ್ರ ಶಿಕ್ಷಣ ಯೋಜನೆಯಲ್ಲಿ ಒಂದು ಮಗುವಿಗೆ ವರ್ಷಕ್ಕೆ 3500 ರೂಪಾಯಿವರೆಗೆ ಇದೆ, ಉಪಕರಣ, ಕಲಿಕಾ ಸಾಮಗ್ರಿ ಇಂಥದ್ದಕ್ಕೆಲ್ಲ. ಶಿಕ್ಷಕರ ಸಂಬಳದ ಲೆಕ್ಕ ಬೇರೆ. ಹೆಣ್ಣುಮಕ್ಕಳಿಗೆ ತಿಂಗಳಿಗೆ 200 ರೂಪಾಯಿ ಸ್ಟೈಪೆಂಡ್ ಪ್ರತ್ಯೇಕ. ಆರ್‌ಟಿಇ ಪ್ರಕಾರ 5ನೇ ಕ್ಲಾಸ್‌ವರೆಗೆ ವರ್ಷಕ್ಕೆ 200 ದಿನ ಶಾಲೆ. 3500 ಭಾಗಿಸು 200: ದಿನಕ್ಕೆ 17 ರೂಪಾಯಿ 50 ಪೈಸೆ.

ಇನ್ನೊಂದು ತೊಡಕು. ಊರಿನ ಶಾಲೆ ಶಿಕ್ಷಣ ಇಲಾಖೆಗೆ ಸೇರುತ್ತೆ. ತಿಲಕ್‌ನಗರದಂಥ ಸರ್ಕಾರಿ ವಿಶೇಷ ಶಾಲೆ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಗೆ ಸೇರುತ್ತೆ. ಎರಡು ಶಾಲೆ, ಎರಡು ಇಲಾಖೆ, ಎರಡು ಕಚೇರಿ. ಎರಡನ್ನೂ ಪಕ್ಕಪಕ್ಕ ಇಟ್ಟು ತೂಗಿ ನೋಡೋ ಕೆಲಸ ಅವ್ವನ ತಲೆ ಮೇಲೆ.

ಭಾಗ 7/7

ಇಷ್ಟು ಇತಿಹಾಸ ಓದಿದ ಮೇಲೆ ನನಗೆ ಅನ್ಸಿದ್ದು ಇದು. ಯಾವ ಶಾಲೆ ಅನ್ನೋ ತೀರ್ಮಾನವನ್ನ ಮಗುವಿನ ವೈಕಲ್ಯ ನೋಡಿ ಮಾಡ್ತೀವಿ ಅಂತ ಎಲ್ಲರೂ ಹೇಳ್ತಾರೆ. ನಿಜವಾಗಿ ತೀರ್ಮಾನ ಮಾಡ್ತಾ ಬಂದಿರೋದು ದೂರ. ಪಕ್ಕದ ಶಾಲೆಯಲ್ಲಿ ಕಲಿಸೋರು ಇಲ್ಲದೇ ಇದ್ದಾಗ ದೂರದ ಹಾಸ್ಟೆಲ್ ಸೇರೋದು ಆಯ್ಕೆ ಅಲ್ಲ. ದೂರ ಕಳಿಸೋಕಾಗದೆ ಮನೇಲಿ ಕೂರಿಸೋದೂ ಆಯ್ಕೆ ಅಲ್ಲ. ಎರಡೂ ಬಾಗಿಲು ತೆರೆದಿದ್ದಾಗ ಮಾತ್ರ 31ನೇ ಕಲಂ ನಿಜ, ಇಲ್ಲಾಂದ್ರೆ ಅದು ಬ್ಲಫ್.

1902ರಲ್ಲಿ ನಮ್ಮೂರ ನೀರಿನ ಶಕ್ತಿಯನ್ನ 147 ಕಿಲೋಮೀಟರ್ ದೂರಕ್ಕೆ ತಂತಿ ಎಳೆದು ಮುಟ್ಟಿಸಿದ್ರು. ಗಣಿಯನ್ನ ಜಲಪಾತದ ಹತ್ತಿರ ತರಲಿಲ್ಲ, ಕರೆಂಟನ್ನೇ ಗಣಿ ಹತ್ತಿರ ಒಯ್ದರು. ಸ್ಕೂಟರ್ ಮೇಲೆ ಹಳ್ಳಿ ಸುತ್ತೋ ಆ ಬಿಐಇಆರ್‌ಟಿ ಶಿಕ್ಷಕರೇ ಶಾಲೆಯ ತಂತಿ. ಅವರ ಸಂಖ್ಯೆ ಹೆಚ್ಚಾಗಬೇಕು ಅಂತ ಕೇಳೋದು ದಯೆಯ ವಿಷಯ ಅಲ್ಲ, ಹಕ್ಕಿನ ವಿಷಯ.

ನಿಮ್ಮ ಮನೇಲಿ, ಬೀದೀಲಿ ಇಂಥ ಮಗು ಇದ್ರೆ ಇದನ್ನ ಸೇವ್ ಮಾಡ್ಕೊಳ್ಳಿ:

• ವೈಕಲ್ಯ ಇದೆ ಅನ್ನೋ ಕಾರಣಕ್ಕೆ ಸರ್ಕಾರಿ ಶಾಲೆ ದಾಖಲಾತಿ ಇಲ್ಲ ಅನ್ನೋ ಹಾಗಿಲ್ಲ.
• ಯುಡಿಐಡಿ ಕಾರ್ಡ್ ಮಾಡಿಸಿ. ಶೇಕಡಾವಾರು ಬರೆದಿರೋದು ಅದರಲ್ಲೇ.
• ಬಿಇಒ ಕಚೇರಿಯಲ್ಲಿ ಬಿಐಇಆರ್‌ಟಿ ಯಾರು, ನಮ್ಮ ಶಾಲೆಗೆ ಎಷ್ಟು ದಿನಕ್ಕೊಮ್ಮೆ ಬರ್ತಾರೆ ಅಂತ ಕೇಳಿ.
• ವಿಶೇಷ ಶಾಲೆಗೆ ಹೋದ್ರೆ ಬರೀ ಕಟ್ಟಡ ನೋಡ್ಬೇಡಿ. ಅಲ್ಲಿನ ದೊಡ್ಡ ಮಕ್ಕಳು ಒಬ್ಬರಿಗೊಬ್ಬರು ಹೇಗೆ ಮಾತಾಡ್ತಾರೆ, ಊರಿಗೆ ಎಷ್ಟು ಸಲ ಬರ್ತಾರೆ, ಮುಂದೆ ಏನು ಓದ್ತಾರೆ, ಅದನ್ನ ನೋಡಿ.
• ಒಮ್ಮೆ ಸೇರಿಸಿದ್ದೇ ಕೊನೆ ಅಲ್ಲ. ಮಗು ಬೆಳೆದ ಹಾಗೆ ತೀರ್ಮಾನವನ್ನೂ ಮತ್ತೆ ನೋಡಬಹುದು.

ಆ ಅಕ್ಕನ ಮಗಳು ಸದ್ಯಕ್ಕೆ ಊರ ಶಾಲೆಗೇ ಹೋಗ್ತಿದಾಳೆ. ಮೈಸೂರಿನ ಮಾತು ಇನ್ನೂ ಮುಗಿದಿಲ್ಲ. ಬೀದಿ ಹುಡುಗರೆಲ್ಲ ಅವಳ ಹತ್ರ ಹತ್ತಿಪ್ಪತ್ತು ಸನ್ನೆ ಕಲ್ತಿದಾರೆ. "ಐಸ್‌ಕ್ರೀಮ್", "ಮಳೆ", "ಮೇಷ್ಟ್ರು ಬಂದ್ರು" ಎಲ್ಲ ಇದೆ.

ನಿಮ್ಮ ಕ್ಲಾಸಲ್ಲಿ ಇಂಥವರು ಯಾರಾದ್ರೂ ಇದ್ರಾ, ಅಥವಾ ಒಬ್ಬರೂ ಇರಲಿಲ್ವಾ? ಇರಲಿಲ್ಲ ಅಂದ್ರೆ ಅವರೆಲ್ಲ ಎಲ್ಲಿದ್ರು? ಕಾಮೆಂಟಲ್ಲಿ ಬರೀರಿ. ಮಕ್ಕಳ ಹೆಸರು, ಫೋಟೋ ಹಾಕ್ಬೇಡಿ.

#ಬ್ಲಫ್ಅಲ್ಲನಿಜ #ಮಳವಳ್ಳಿ #ನಮ್ಮಮಂಡ್ಯ #ಎಲ್ಲರಶಾಲೆ