ರಕ್ತಪಿಶಾಚಿ, ಬೈಕ್ ಸವಾರ ಮತ್ತು ಓದುಗಿಯರ ತೀರ್ಪು: ಪ್ರಣಯ ಕಾದಂಬರಿಯ ಒಂದು ಚರಿತ್ರೆ

ಸಾಹಿತ್ಯ ಪ್ರಕಾರವೊಂದರ ಚರಿತ್ರೆಯನ್ನು ಲೇಖಕರ ಮತ್ತು ಕೃತಿಗಳ ಹೆಸರುಗಳ ಮೂಲಕ ಹೇಳುವುದು ವಾಡಿಕೆಯಾಗಿದ್ದರೂ, ಇಂಗ್ಲಿಷಿನ ಜನಪ್ರಿಯ ಪ್ರಣಯ ಕಾದಂಬರಿಯ ಮಟ್ಟಿಗೆ ಆ ಕ್ರಮದಿಂದ ದೊರೆಯುವುದು ಅರ್ಧ ಚಿತ್ರ ಮಾತ್ರ. ನಾಯಕ ಎಂಥವನಾಗಿರಬೇಕು, ನಾಯಕಿ ಏನನ್ನು ಸಹಿಸಬಾರದು, ಶೃಂಗಾರದ ವರ್ಣನೆ ಎಲ್ಲಿಯವರೆಗೆ ಹೋಗಬಹುದು, ಕಥೆ ಹೇಗೆ ಮುಗಿಯಬೇಕು ಎಂಬ ಪ್ರಶ್ನೆಗಳಿಗೆ ಉತ್ತರ ಕೊಡುತ್ತ ಬಂದವರು ಬಹುಮಟ್ಟಿಗೆ ಅದನ್ನು ಕೊಂಡು ಓದಿದ ಹೆಂಗಸರೇ. ರಕ್ತಪಿಶಾಚಿ, ತೋಳವಾಗಿ ರೂಪ ಬದಲಿಸಬಲ್ಲ ಮನುಷ್ಯ, ಭೂತ, ಮಾಟಗಾತಿ ಮುಂತಾದವರ ನಡುವೆ ನಡೆಯುವ ಪ್ಯಾರಾನಾರ್ಮಲ್ ರೊಮಾನ್ಸ್, ಅಂದರೆ ಅತಿಮಾನುಷ ಪ್ರಣಯ ಕಾದಂಬರಿ, ಮತ್ತು ಕಾನೂನನ್ನು ಲೆಕ್ಕಿಸದ ಮೋಟಾರ್ ಸೈಕಲ್ ಸಂಘಗಳ ಸದಸ್ಯರನ್ನು ನಾಯಕರನ್ನಾಗಿ ಮಾಡಿಕೊಂಡ ಬೈಕರ್ ರೊಮಾನ್ಸ್, ಇವೆರಡೂ ಹೊರನೋಟಕ್ಕೆ ಸಂಬಂಧವಿಲ್ಲದ ಕವಲುಗಳಂತೆ ಕಂಡರೂ, ಓದುಗಿಯರು ದೀರ್ಘಕಾಲದಿಂದ ನಡೆಸಿಕೊಂಡು ಬಂದ ಒಂದೇ ವಾದದಿಂದ ಹುಟ್ಟಿದವು. ಅಪಾಯಕಾರಿಯಾದ ಗಂಡಸನ್ನು ಕಥೆಯಲ್ಲಿ ಬಯಸುವುದನ್ನೂ ಹೆಣ್ಣಿನ ಒಪ್ಪಿಗೆಯನ್ನು ಬಿಟ್ಟುಕೊಡದಿರುವುದನ್ನೂ ಹೇಗೆ ಹೊಂದಿಸುವುದು ಎಂಬುದೇ ಆ ವಾದದ ತಿರುಳು.

ಓದುಗರು ಕಾದಂಬರಿಕಾರರೊಡನೆ ಜಗಳಕ್ಕೆ ನಿಂತದ್ದು ಈ ಪ್ರಕಾರದ ಆರಂಭದಲ್ಲಿಯೇ. ಸ್ಯಾಮ್ಯುಯಲ್ ರಿಚರ್ಡ್‌ಸನ್ 1740ರಲ್ಲಿ ಪ್ರಕಟಿಸಿದ ‘ಪಮೇಲಾ’, ಯಜಮಾನನ ಬಲವಂತವನ್ನು ಎದುರಿಸಿ ಕೊನೆಗೆ ಅವನನ್ನೇ ಮದುವೆಯಾಗುವ ಸೇವಕಿಯ ಕಥೆಯಾಗಿದ್ದು, ಅದು ಇಂಗ್ಲೆಂಡಿನ ಓದುಗರನ್ನು ಆಕೆಯನ್ನು ಮೆಚ್ಚುವವರು ಮತ್ತು ಶಂಕಿಸುವವರು ಎಂದು ಎರಡು ಪಂಗಡ ಮಾಡಿತು. ಮರುವರ್ಷವೇ ಹೆನ್ರಿ ಫೀಲ್ಡಿಂಗ್ ‘ಶಮೇಲಾ’ ಎಂಬ ಅಣಕು ಕೃತಿಯನ್ನು ತಂದನು. ಅದೇ ರಿಚರ್ಡ್‌ಸನ್ನನ ‘ಕ್ಲಾರಿಸಾ’ 1747 ಮತ್ತು 1748ರಲ್ಲಿ ಕಂತುಗಳಾಗಿ ಹೊರಬರುತ್ತಿದ್ದಾಗ, ಲೇಡಿ ಬ್ರಾಡ್‌ಶೇ ಎಂಬ ಓದುಗಿ ಹೆಸರು ಮರೆಸಿಕೊಂಡು ಅವನಿಗೆ ಪತ್ರ ಬರೆದು, ನಾಯಕಿಯನ್ನು ಸಾಯಿಸದೆ ಕಥೆಯನ್ನು ಸುಖಾಂತವಾಗಿಸಬೇಕೆಂದು ಬೇಡಿಕೊಂಡಳು. ರಿಚರ್ಡ್‌ಸನ್ ಒಪ್ಪಲಿಲ್ಲ. ಆದರೆ ಅವನು ನಿರಾಕರಿಸಿದ ಸುಖಾಂತವೇ ಮುಂದಿನ ಎರಡು ಶತಮಾನಗಳಲ್ಲಿ ಪ್ರಣಯ ಕಾದಂಬರಿಯ ಮುರಿಯಲಾಗದ ಕಟ್ಟಳೆಯಾಯಿತು.

ಓದುಗಿಯರ ಅಭಿರುಚಿ ವ್ಯಾಪಾರದ ಲೆಕ್ಕಕ್ಕೆ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ. ಜೆರಾಲ್ಡ್ ಮಿಲ್ಸ್ ಮತ್ತು ಚಾರ್ಲ್ಸ್ ಬೂನ್ 1908ರಲ್ಲಿ ಲಂಡನ್ನಿನಲ್ಲಿ ಆರಂಭಿಸಿದ ‘ಮಿಲ್ಸ್ ಅಂಡ್ ಬೂನ್’ ಮೊದಲು ಎಲ್ಲ ಬಗೆಯ ಪುಸ್ತಕಗಳನ್ನೂ ಪ್ರಕಟಿಸುತ್ತಿತ್ತಾದರೂ, 1930ರ ದಶಕದಲ್ಲಿ ಕೆಲವೇ ಪೆನ್ನಿಗಳ ಬಾಡಿಗೆಗೆ ಪುಸ್ತಕ ಕೊಡುತ್ತಿದ್ದ ಖಾಸಗಿ ಗ್ರಂಥಾಲಯಗಳಲ್ಲಿ ಪ್ರಣಯ ಕಾದಂಬರಿಗಳಿಗಿದ್ದ ಬೇಡಿಕೆಯನ್ನು ಕಂಡು ಅವುಗಳನ್ನೇ ನೆಚ್ಚಿಕೊಂಡಿತು. ಕೆನಡಾದ ವಿನ್ನಿಪೆಗ್‌ನಲ್ಲಿ 1949ರಲ್ಲಿ ಸ್ಥಾಪನೆಯಾದ ‘ಹಾರ್ಲೆಕ್ವಿನ್’ ಸಂಸ್ಥೆಯಲ್ಲಿಯೂ ದಿಕ್ಕು ಬದಲಿಸಿದ್ದು ಒಬ್ಬ ಓದುಗಿಯ ಆಯ್ಕೆಯೇ. ಸಂಸ್ಥಾಪಕ ರಿಚರ್ಡ್ ಬಾನಿಕ್ಯಾಸಲ್‌ನ ಪತ್ನಿ ಮೇರಿ ಬಾನಿಕ್ಯಾಸಲ್ ತಾನು ಮೆಚ್ಚಿ ಓದುತ್ತಿದ್ದ ಮಿಲ್ಸ್ ಅಂಡ್ ಬೂನ್‌ನ ವೈದ್ಯ–ದಾದಿ ಕಥೆಗಳನ್ನು ಮರುಮುದ್ರಣಕ್ಕೆ ಆರಿಸಿದಳು. 1957ರಿಂದ ಅವು ಉತ್ತರ ಅಮೆರಿಕದ ಮಾರುಕಟ್ಟೆಗೆ ಬಂದವು. 1971ರಲ್ಲಿ ಹಾರ್ಲೆಕ್ವಿನ್ ಮಿಲ್ಸ್ ಅಂಡ್ ಬೂನ್ ಅನ್ನೇ ಕೊಂಡುಕೊಂಡಿತು. ಅದೇ ಕಾಲದಲ್ಲಿ, ಗೃಹಬಳಕೆಯ ವಸ್ತುಗಳನ್ನು ತಯಾರಿಸುವ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯಲ್ಲಿ ಮಾರಾಟ ಕಲೆಯನ್ನು ಕಲಿತಿದ್ದ ಲಾರೆನ್ಸ್ ಹೈಸಿ ಹಾರ್ಲೆಕ್ವಿನ್ ಸಂಸ್ಥೆಯ ಆಡಳಿತ ವಹಿಸಿಕೊಂಡು, ದಿನಸಿ ಕೊಳ್ಳುವ ಸೂಪರ್ ಮಾರ್ಕೆಟ್ಟಿನಲ್ಲಿಯೇ ಕಾದಂಬರಿಯೂ ಹೆಂಗಸರ ಕೈಗೆ ಸಿಗುವಂತೆ ಮಾಡಿದನು.

ಈ ಕಿರುಕಾದಂಬರಿಗಳಲ್ಲಿ ಮಲಗುವ ಕೋಣೆಯ ಬಾಗಿಲು ಮುಚ್ಚಿರುತ್ತಿತ್ತು. ಅದನ್ನು ತೆರೆದದ್ದು 1972ರಲ್ಲಿ ಅಮೆರಿಕದ ಏವನ್ ಪ್ರಕಾಶನ ಸಂಸ್ಥೆ ಪ್ರಕಟಿಸಿದ ಕ್ಯಾಥ್ಲೀನ್ ವುಡಿವಿಸ್ ಅವರ ‘ದ ಫ್ಲೇಮ್ ಅಂಡ್ ದ ಫ್ಲವರ್’. ಯಾರೂ ಕೇಳದೆ ಬಂದು ಬಿದ್ದಿದ್ದ ಹಸ್ತಪ್ರತಿಗಳ ರಾಶಿಯಿಂದ ಸಂಪಾದಕಿ ನ್ಯಾನ್ಸಿ ಕಾಫಿ ಎತ್ತಿಕೊಂಡ ಈ ದೀರ್ಘ ಐತಿಹಾಸಿಕ ಕಾದಂಬರಿಯೂ, 1974ರಲ್ಲಿ ಬಂದ ರೋಸ್‌ಮೇರಿ ರಾಜರ್ಸ್ ಅವರ ‘ಸ್ವೀಟ್ ಸ್ಯಾವೇಜ್ ಲವ್’ ಕೃತಿಯೂ ಶೃಂಗಾರವನ್ನು ವಿವರವಾಗಿ ವರ್ಣಿಸಿ ಅಪಾರವಾಗಿ ಮಾರಾಟವಾದವು. ಆದರೆ ಎರಡರಲ್ಲಿಯೂ ನಾಯಕನೇ ನಾಯಕಿಯ ಮೇಲೆ ಬಲಾತ್ಕಾರ ನಡೆಸುತ್ತಾನೆ. ಸ್ತ್ರೀವಾದಿ ಲೇಖಕಿ ಜರ್ಮೇನ್ ಗ್ರೀರ್ 1970ರಲ್ಲಿಯೇ ಪ್ರಣಯ ಕಾದಂಬರಿಯನ್ನು ಹೆಣ್ಣು ತನ್ನ ಸಂಕೋಲೆಯನ್ನು ತಾನೇ ಪ್ರೀತಿಸುವುದಕ್ಕೆ ಸಾಕ್ಷಿಯೆಂದು ಖಂಡಿಸಿದ್ದರಿಂದ, ಈ ಹೊಸ ಕೃತಿಗಳು ಸ್ತ್ರೀವಾದಿ ವಿಮರ್ಶೆಯ ಕೋಪಕ್ಕೆ ಗುರಿಯಾದುದರಲ್ಲಿ ಆಶ್ಚರ್ಯವಿರಲಿಲ್ಲ. ಆದರೆ ಅವುಗಳನ್ನು ಓದುತ್ತಿದ್ದವರು ಏನೆಂದುಕೊಂಡಿದ್ದರು ಎಂದು ಆ ವಿಮರ್ಶೆ ಬಹುಕಾಲ ಕೇಳಲಿಲ್ಲ.

ಕೇಳಿದವರು ಅಮೆರಿಕದ ವಿದ್ವಾಂಸೆ ಜಾನಿಸ್ ರ‍್ಯಾಡ್‌ವೇ. 1984ರಲ್ಲಿ ಪ್ರಕಟವಾದ ಅವರ ‘ರೀಡಿಂಗ್ ದ ರೊಮಾನ್ಸ್’ ಅಮೆರಿಕದ ಮಧ್ಯಪಶ್ಚಿಮ ಭಾಗದ ಒಂದು ಊರಿನ ಓದುಗಿಯರ ಅಧ್ಯಯನವಾಗಿದ್ದು, ಊರಿಗೆ ಸ್ಮಿತ್‌ಟನ್ ಎಂದೂ, ಪುಸ್ತಕದಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಅವರ ಮಾರ್ಗದರ್ಶಿಗೆ ಡಾಟ್ ಎಂದೂ ಕಲ್ಪಿತ ಹೆಸರುಗಳನ್ನು ಕೊಡಲಾಗಿದೆ. ತಿಂಗಳು ತಿಂಗಳೂ ಮಾರುಕಟ್ಟೆಗೆ ಬರುತ್ತಿದ್ದ ಕಾದಂಬರಿಗಳನ್ನು ಓದಿ, ಯಾವುದನ್ನು ಕೊಳ್ಳಬಹುದು, ಯಾವುದನ್ನು ಬಿಡಬೇಕು ಎಂದು ಡಾಟ್ ಒಂದು ಸುತ್ತೋಲೆಯಲ್ಲಿ ಬರೆದು ಹಂಚುತ್ತಿದ್ದರು. ಸಾಮಾನ್ಯ ಓದುಗಿಯೊಬ್ಬರ ಈ ತೀರ್ಪಿಗೆ ಎಷ್ಟು ಬೆಲೆ ಬಂದಿತೆಂದರೆ ನ್ಯೂಯಾರ್ಕಿನ ಸಂಪಾದಕರೂ ಅದನ್ನು ಗಮನಿಸತೊಡಗಿದರು. ರ‍್ಯಾಡ್‌ವೇ ಅವರ ಪ್ರಶ್ನಾವಳಿಗೆ 42 ಮಹಿಳೆಯರು ಉತ್ತರಿಸಿದರು. ಅವರ ಉತ್ತರಗಳಿಂದ ಹೊರಬಿದ್ದ ಮುಖ್ಯ ಸಂಗತಿಯೆಂದರೆ, ಹೊರಗಿನವರಿಗೆ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಕಾಣುವ ಈ ಪುಸ್ತಕಗಳ ನಡುವೆ ಅವರು ಕಟ್ಟುನಿಟ್ಟಿನ ವಿವೇಚನೆ ನಡೆಸುತ್ತಿದ್ದರು. ನಾಯಕನಲ್ಲಿ ಅವರು ಬಯಸಿದ್ದು ಬುದ್ಧಿ, ಮಾರ್ದವತೆ ಮತ್ತು ಹಾಸ್ಯಪ್ರಜ್ಞೆಯನ್ನು. ನಾಯಕಿಯಲ್ಲಿ ಬುದ್ಧಿಯನ್ನೂ ಸ್ವತಂತ್ರ ಮನೋಭಾವವನ್ನೂ. ಬಲಾತ್ಕಾರ, ಚಿತ್ರಹಿಂಸೆ ಮತ್ತು ದುಃಖಾಂತ ಇವು ಪ್ರಣಯ ಕಾದಂಬರಿಯಲ್ಲಿ ಇರಲೇಬಾರದ ಅಂಶಗಳೆಂದು ಅನೇಕರು ಹೇಳಿದರು. ಹಾಗಿದ್ದೂ ವುಡಿವಿಸ್ ಅವರ ಕೃತಿಗಳನ್ನು ಅವರು ಪ್ರೀತಿಸುತ್ತಿದ್ದರು. ನಾಯಕನ ಕ್ರೌರ್ಯ ತಪ್ಪು ತಿಳಿವಳಿಕೆಯಿಂದ ಹುಟ್ಟಿದ್ದಾದರೆ, ಅವನು ಅದಕ್ಕಾಗಿ ಪರಿತಪಿಸಿ ಬದಲಾದರೆ, ಕ್ಷಮಿಸಬಹುದೆಂಬುದು ಅವರ ನಿಲುವಾಗಿತ್ತು. ಈ ವಿರೋಧಾಭಾಸವನ್ನು ರ‍್ಯಾಡ್‌ವೇ ಮರೆಮಾಚಲಿಲ್ಲ. ಗಂಡಾಳಿಕೆಯ ಸಮಾಜದಲ್ಲಿ ಬದುಕುವ ಹೆಂಗಸರು ಅದರ ಒರಟುತನಕ್ಕೊಂದು ಸಹನೀಯ ಅರ್ಥವನ್ನು ಹುಡುಕುವ ಯತ್ನವನ್ನು ಅವರು ಇದರಲ್ಲಿ ಕಂಡರು; ದಿನವಿಡೀ ಗಂಡ, ಮಕ್ಕಳು, ಮನೆಗಾಗಿ ದುಡಿಯುವ ಹೆಂಗಸು ಪುಸ್ತಕ ಹಿಡಿದು ಕುಳಿತ ಗಳಿಗೆ ಅವಳಿಗೆ ಮಾತ್ರ ಸೇರಿದ್ದು ಎಂಬ ಓದುಗಿಯರ ಮಾತಿಗೂ ಅಷ್ಟೇ ಮಹತ್ವ ಕೊಟ್ಟರು.

ಇದೇ ವರ್ಷಗಳಲ್ಲಿ ಓದುಗಿಯರ ಅಭಿಪ್ರಾಯಕ್ಕೆ ಸಂಸ್ಥೆಯ ರೂಪ ಬಂದಿತು. 1981ರಲ್ಲಿ ಕ್ಯಾಥರಿನ್ ಫಾಕ್ ಆರಂಭಿಸಿದ ‘ರೊಮ್ಯಾಂಟಿಕ್ ಟೈಮ್ಸ್’ ಪತ್ರಿಕೆಯ ವಿಮರ್ಶೆಗಳೂ ಕೃತಿಗಳಿಗೆ ಅದು ಕೊಡುತ್ತಿದ್ದ ನಕ್ಷತ್ರಗಳೂ, ಗಂಭೀರ ಪತ್ರಿಕೆಗಳು ಕಣ್ಣೆತ್ತಿಯೂ ನೋಡದ ಸಾಹಿತ್ಯಕ್ಕೆ ತನ್ನದೇ ಆದ ವಿಮರ್ಶಾ ಪರಂಪರೆಯನ್ನು ಒದಗಿಸಿದವು. ಡೆಲ್ ಪ್ರಕಾಶನ ಸಂಸ್ಥೆಯಲ್ಲಿ ಆಫ್ರಿಕನ್ ಅಮೆರಿಕನ್ ಸಂಪಾದಕಿ ವಿವಿಯನ್ ಸ್ಟೀಫನ್ಸ್ ರೂಪಿಸಿದ ಕಾದಂಬರಿ ಮಾಲೆಯಲ್ಲಿ ದುಡಿಯುವ, ಪ್ರಾಯ ಬಲಿತ, ತನ್ನ ಬಯಕೆಯನ್ನು ತಾನೇ ಅರಿತ ಅಮೆರಿಕನ್ ನಾಯಕಿಯರು ಬಂದರು. ಬಲಾತ್ಕಾರಿ ನಾಯಕ ಮುಂದಿನ ವರ್ಷಗಳಲ್ಲಿ ಕ್ರಮೇಣ ಹಿಂದೆ ಸರಿದದ್ದರ ಹಿಂದೆ ಬದಲಾದ ಕಾನೂನು ಮತ್ತು ಚಳವಳಿಗಳ ಜೊತೆಗೆ ಓದುಗಿಯರ ಈ ನಿರಾಕರಣೆಯೂ ಇದ್ದಿತು.

ಆದರೆ ಆ ನಾಯಕನೊಂದಿಗೆ ಬರುತ್ತಿದ್ದ ಭಯಮಿಶ್ರಿತ ಆಕರ್ಷಣೆಯನ್ನು ಅನೇಕರು ಬಿಡಲು ಸಿದ್ಧರಿರಲಿಲ್ಲ. ಅತಿಮಾನುಷ ಪ್ರಣಯ ಕಾದಂಬರಿ ಬೆಳೆದದ್ದು ಈ ಕೊರತೆಯನ್ನು ತುಂಬಲು. 1764ರ ‘ದ ಕ್ಯಾಸಲ್ ಆಫ್ ಒಟ್ರಾಂಟೊ’ದಿಂದ 1897ರ ‘ಡ್ರಾಕುಲಾ’ದವರೆಗಿನ ಗಾಥಿಕ್ ಕಥೆಗಳು, ಅಂದರೆ ಹಾಳು ಕೋಟೆ ಮತ್ತು ಪ್ರೇತಭಯಗಳ ಕಥೆಗಳು, ಅದರ ಪೂರ್ವಜರಾದರೆ, 1976ರಲ್ಲಿ ಬಂದ ಆ್ಯನ್ ರೈಸ್ ಅವರ ‘ಇಂಟರ್‌ವ್ಯೂ ವಿತ್ ದ ವ್ಯಾಂಪೈರ್’ ರಕ್ತಪಿಶಾಚಿಗೆ ದುಃಖವನ್ನೂ ಅಂತಃಸಾಕ್ಷಿಯನ್ನೂ ಕೊಟ್ಟಿತು. ಕ್ರಿಸ್ಟೀನ್ ಫೀಹಾನ್ 1999ರಲ್ಲಿ ಪ್ರಕಟಿಸಿದ ‘ಡಾರ್ಕ್ ಪ್ರಿನ್ಸ್’ ಕೃತಿಯ ಕಾರ್ಪೇಥಿಯನ್ ಕುಲದ ಗಂಡಸರು ಶತಮಾನಗಳ ಒಂಟಿತನದಲ್ಲಿ ಭಾವನೆಗಳನ್ನೂ ಬಣ್ಣಗಳನ್ನು ಕಾಣುವ ಶಕ್ತಿಯನ್ನೂ ಕಳೆದುಕೊಂಡಿರುತ್ತಾರೆ. ತಮಗೆ ವಿಧಿಸಿದ ಸಂಗಾತಿ ಸಿಕ್ಕಾಗ ಮಾತ್ರ ಅವೆರಡೂ ಮರಳುತ್ತವೆ. ವಿಧಿ ಜೋಡಿಸಿದ ಸಂಗಾತಿ ಎಂಬ ಈ ಕಲ್ಪನೆ ಇಡೀ ಪ್ರಕಾರದ ಬೆನ್ನೆಲುಬಾಯಿತು. ನಾಯಕ ಎಷ್ಟೇ ಬಲಶಾಲಿಯಾಗಿದ್ದರೂ ಅವನ ಉಳಿವು ನಾಯಕಿಯ ಕೈಯಲ್ಲಿರುವುದರಿಂದ ಅಧಿಕಾರದ ತಕ್ಕಡಿ ಅವಳ ಕಡೆಗೂ ವಾಲುತ್ತದೆ ಎಂಬುದು ಇದನ್ನು ಮೆಚ್ಚುವ ಓದುಗಿಯರ ವಾದ. ಆದರೆ ಫೀಹಾನ್ ಅವರ ಕಥೆಗಳಲ್ಲಿ ಗಂಡು ಉಚ್ಚರಿಸುವ ಬಂಧನದ ಮಂತ್ರ ಹೆಣ್ಣಿನ ಒಪ್ಪಿಗೆಯನ್ನು ಕೇಳದೆಯೇ ಅವಳನ್ನು ಕಟ್ಟಿಹಾಕುತ್ತದೆ. ಬಲಾತ್ಕಾರ ಬೇರೆ ವೇಷದಲ್ಲಿ ಮರಳಿದೆ ಎಂದು ಆಕ್ಷೇಪಿಸಿದವರೂ ಓದುಗಿಯರೇ. ಫಿಜಿಯಲ್ಲಿ ಹುಟ್ಟಿ ನ್ಯೂಜಿಲೆಂಡಿನಲ್ಲಿ ಬೆಳೆದ, ಭಾರತೀಯ ಮೂಲದ ನಳಿನಿ ಸಿಂಗ್ 2006ರಲ್ಲಿ ‘ಸ್ಲೇವ್ ಟು ಸೆನ್ಸೇಷನ್’ ಕಾದಂಬರಿಯಿಂದ ಆರಂಭಿಸಿದ ಮಾಲೆಯಲ್ಲಿ ಚಿರತೆ, ತೋಳಗಳ ರೂಪ ತಾಳುವ ಸಮುದಾಯಗಳ ದಾಂಪತ್ಯ ಬಂಧ ಹೆಣ್ಣು ಒಪ್ಪಿಕೊಂಡಾಗಲೇ ಪೂರ್ಣವಾಗುತ್ತದೆ. ಈ ಎರಡು ಮಾಲೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಪ್ರಕಾರ ಸಾಗಿದ ದಿಕ್ಕು ಸ್ಪಷ್ಟವಾಗುತ್ತದೆ.

2005ರಲ್ಲಿ ಬಂದ ಜೆ. ಆರ್. ವಾರ್ಡ್ ಅವರ ‘ಡಾರ್ಕ್ ಲವರ್’ ಇನ್ನೊಂದು ತಿರುವಿಗೆ ದಾರಿ ಮಾಡಿತು. ಅದರ ರಕ್ತಪಿಶಾಚಿಗಳು ಚರ್ಮದ ಉಡುಪು ತೊಟ್ಟ, ತಮ್ಮದೇ ಕಟ್ಟುಪಾಡುಗಳುಳ್ಳ, ಪರಸ್ಪರರಿಗಾಗಿ ಪ್ರಾಣ ಕೊಡುವ ಯೋಧರ ಬಳಗ. ಅತಿಮಾನುಷ ಶಕ್ತಿಯನ್ನು ತೆಗೆದುಹಾಕಿ ಬಳಗವನ್ನು ಮಾತ್ರ ಉಳಿಸಿಕೊಂಡರೆ ಸಿಗುವ ರೂಪವೇ ಬೈಕರ್ ಸಂಘ. ಆ ಸಂಘಗಳ ದಂತಕಥೆಗೆ ಮೂಲ 1947ರ ಜುಲೈ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಹಾಲಿಸ್ಟರ್ ಎಂಬ ಊರಿನ ಮೋಟಾರ್ ಸೈಕಲ್ ಮೇಳದಲ್ಲಿ ನಡೆದ ಗಲಭೆ. ಅದರ ಪ್ರೇರಣೆಯಿಂದ 1953ರಲ್ಲಿ ಮಾರ್ಲನ್ ಬ್ರಾಂಡೊ ನಟಿಸಿದ ‘ದ ವೈಲ್ಡ್ ಒನ್’ ಚಿತ್ರ ಬಂದು ಚರ್ಮದ ಜಾಕೆಟ್ಟಿನ ಬಂಡಾಯಗಾರನನ್ನು ಜಗತ್ತಿಗೆ ಪರಿಚಯಿಸಿತು. 2008ರಿಂದ 2014ರವರೆಗೆ ಪ್ರಸಾರವಾದ ‘ಸನ್ಸ್ ಆಫ್ ಅನಾರ್ಕಿ’ ಧಾರಾವಾಹಿ ಆ ಬದುಕಿನ ನುಡಿಗಟ್ಟನ್ನು ಮನೆಮನೆಗೆ ತಲುಪಿಸಿದ ಹೊತ್ತಿನಲ್ಲಿಯೇ ಕ್ರಿಸ್ಟನ್ ಆ್ಯಶ್ಲಿ ಅವರ ‘ಮೋಟಾರ್‌ಸೈಕಲ್ ಮ್ಯಾನ್’ 2012ರಲ್ಲಿ, ಜೊವಾನ್ನಾ ವೈಲ್ಡ್ ಅವರ ‘ರೀಪರ್ಸ್ ಪ್ರಾಪರ್ಟಿ’ 2013ರಲ್ಲಿ ಪ್ರಕಟವಾದವು. ಸಂಘಕ್ಕೆ ಸಹೋದರ ಮಾಡಿದ ದ್ರೋಹದ ಸಾಲಕ್ಕೆ ಸಹೋದರಿಯನ್ನು ಒತ್ತೆಯಾಗಿ ಹಿಡಿಯುವುದರಿಂದ ಆರಂಭವಾಗುವ ಎರಡನೆಯ ಕೃತಿ, ಹೆಣ್ಣನ್ನು ಗಂಡಿನ ಸ್ವತ್ತೆಂದು ಬೆನ್ನ ಮೇಲೆ ಬರೆದು ಘೋಷಿಸುವ ಸಂಘದ ಪದ್ಧತಿಯನ್ನು ನೇರವಾಗಿ ಕಥೆಯ ಕೇಂದ್ರಕ್ಕೆ ತಂದಿತು.

ಓದುಗಿಯರಲ್ಲಿ ಇದು ಹಳೆಯ ವಾದವನ್ನು ಹೊಸದಾಗಿ ಕೆರಳಿಸಿತು. ರಕ್ತಪಿಶಾಚಿಯ ಕ್ರೌರ್ಯ ಕಲ್ಪನೆಯದು, ಬೈಕ್ ಸವಾರನದು ನೆರೆಹೊರೆಯಲ್ಲಿ ನಡೆಯಬಹುದಾದದ್ದು. ಆದ್ದರಿಂದ ಮೊದಲನೆಯದಕ್ಕೆ ಕೊಟ್ಟ ವಿನಾಯಿತಿಯನ್ನು ಎರಡನೆಯದಕ್ಕೆ ಕೊಡಲಾಗದು ಎಂದರು ಒಂದು ಕಡೆಯವರು. ಕುಟುಂಬದಿಂದ ಪೆಟ್ಟು ತಿಂದ ನಾಯಕಿಗೆ ಸಂಘವೇ ತವರಾಗುವುದು, ಅವಳನ್ನು ನೋಯಿಸಿದವರು ಶಿಕ್ಷೆ ಪಡೆಯುವುದು, ಒರಟನೊಬ್ಬ ಅವಳೆದುರು ಮಾತ್ರ ಮೆತ್ತಗಾಗುವುದು ತಮಗೆ ನೆಮ್ಮದಿ ಕೊಡುತ್ತದೆ ಎಂದರು ಇನ್ನೊಂದು ಕಡೆಯವರು. ಎರಡೂ ಕಡೆಯವರು ಒಪ್ಪಿದ ನಿಯಮಗಳೂ ಇದ್ದವು: ನಾಯಕಿಗೆ ಬದ್ಧನಾದ ಮೇಲೆ ನಾಯಕ ಪರಸ್ತ್ರೀಯ ಬಳಿ ಹೋಗಕೂಡದು, ಕಥೆಯಲ್ಲಿ ಹಿಂಸೆ ಇದ್ದರೆ ಆರಂಭದಲ್ಲಿಯೇ ಎಚ್ಚರಿಕೆ ಕೊಡಬೇಕು.

ಶೃಂಗಾರದ ತೀವ್ರತೆಯ ಬಗ್ಗೆಯೂ ಇದೇ ಪ್ರಾಮಾಣಿಕತೆಯ ಒತ್ತಾಯವಿತ್ತು. 2000ರಲ್ಲಿ ಟೀನಾ ಎಂಗ್ಲರ್ ಸ್ಥಾಪಿಸಿದ ‘ಎಲೋರಾಸ್ ಕೇವ್’ ಎಂಬ ಇ-ಪುಸ್ತಕ ಸಂಸ್ಥೆ ಪ್ರತಿ ಕೃತಿಗೂ ಶೃಂಗಾರದ ಪ್ರಮಾಣಕ್ಕೆ ತಕ್ಕ ದರ್ಜೆಯನ್ನು ನಮೂದಿಸಿತು. ‘ರೀಪರ್ಸ್ ಪ್ರಾಪರ್ಟಿ’ ಮೊದಲು ಬಂದದ್ದೂ ಅಲ್ಲಿಂದಲೇ. 2007ರಲ್ಲಿ ಬಂದ ಕಿಂಡಲ್ ಎಂಬ ಓದುವ ಸಾಧನ ಮುಖಪುಟವನ್ನು ಪರರ ಕಣ್ಣಿನಿಂದ ಮರೆಮಾಡಿತು, ಲೇಖಕಿಯರಿಗೆ ಸ್ವಯಂಪ್ರಕಾಶನದ ದಾರಿಯನ್ನೂ ತೆರೆಯಿತು. ಓದುಗಿಯರು ಅಳೆದದ್ದು ವರ್ಣನೆಯ ಪ್ರಮಾಣವನ್ನು ಮಾತ್ರವೇ ಆಗಿರಲಿಲ್ಲ. ಶೃಂಗಾರದ ಸನ್ನಿವೇಶ ಇಬ್ಬರ ಸಂಬಂಧವನ್ನು ಮುಂದಕ್ಕೆ ಒಯ್ಯುತ್ತದೆಯೇ, ಇಲ್ಲವೇ ಪುಟ ತುಂಬಿಸುತ್ತದೆಯೇ ಎಂದೂ ಅವರು ಕೇಳಿದರು. ಯಾವುದೇ ಸಾಹಿತ್ಯ ವಿಮರ್ಶೆ ಕೇಳಬೇಕಾದ ಪ್ರಶ್ನೆಯಿದು.

ಈ ಚರಿತ್ರೆಗೆ ಕನ್ನಡ ನಾಡೂ ಹೊರತಲ್ಲ. ಮಿಲ್ಸ್ ಅಂಡ್ ಬೂನ್ ಪುಸ್ತಕಗಳು ಭಾರತದ ನಗರಗಳ ಬಾಡಿಗೆ ಗ್ರಂಥಾಲಯಗಳ ಮೂಲಕ ತಲೆಮಾರುಗಳ ಕಾಲೇಜು ವಿದ್ಯಾರ್ಥಿನಿಯರನ್ನು ತಲುಪಿದ್ದವು. ಹೈದರಾಬಾದಿನ ಅಂಥ ಯುವತಿಯರ ಓದಿನ ಬಗ್ಗೆ ರಾಧಿಕಾ ಪರಮೇಶ್ವರನ್ ಅಧ್ಯಯನ ನಡೆಸಿದರು. 2008ರಲ್ಲಿ ಮಿಲ್ಸ್ ಅಂಡ್ ಬೂನ್ ಸಂಸ್ಥೆ ಭಾರತದಲ್ಲಿ ನೇರವಾಗಿ ಪ್ರಕಾಶನ ಆರಂಭಿಸಿದ ಬಳಿಕ ಅದರ ಮೊದಲ ಭಾರತೀಯ ಲೇಖಕಿಯಾದವರು ಬೆಂಗಳೂರಿನಲ್ಲಿ ನೆಲೆಸಿದ್ದ ಮಿಲನ್ ವೋಹ್ರಾ. ಕನ್ನಡದಲ್ಲಿಯೂ ಕಾದಂಬರಿಗಾರ್ತಿ ತ್ರಿವೇಣಿಯವರ ಕಾಲದಿಂದ ವಾರಪತ್ರಿಕೆಗಳ ಧಾರಾವಾಹಿಗಳವರೆಗೆ ಹೆಂಗಸರು ಬರೆದು ಹೆಂಗಸರು ಓದಿದ ದೊಡ್ಡ ಸಾಹಿತ್ಯ ರಾಶಿಯಿದೆ. ಅದನ್ನು ‘ಜನಪ್ರಿಯ’ ಎಂಬ ಒಂದೇ ಮಾತಿನಲ್ಲಿ ಬದಿಗೆ ಸರಿಸಿದ ವಿಮರ್ಶೆ ಅದರ ಓದುಗಿಯರು ಏನನ್ನು ಮೆಚ್ಚಿದರು, ಏನನ್ನು ತಿರಸ್ಕರಿಸಿದರು ಎಂದು ಕೇಳಿದ್ದು ವಿರಳ. ಸ್ಮಿತ್‌ಟನ್ನಿನ 42 ಮಹಿಳೆಯರ ಮಾತನ್ನು ಕೇಳಿಸಿಕೊಂಡದ್ದರಿಂದ ಒಂದು ಸಾಹಿತ್ಯ ಪ್ರಕಾರದ ತಿಳಿವಳಿಕೆಯೇ ಬದಲಾಯಿತು. ಕನ್ನಡದ ಧಾರಾವಾಹಿಗಳಿಗಾಗಿ ವಾರವಾರವೂ ಕಾದ ಅನೇಕ ಓದುಗಿಯರು ಇಂದಿಗೂ ನಮ್ಮ ನಡುವೆ ಇದ್ದಾರೆ. ಅವರ ಅಭಿಪ್ರಾಯಗಳನ್ನೂ, ಪತ್ರಿಕೆಗಳ ಓದುಗರ ಅಂಕಣಗಳಲ್ಲಿ ಉಳಿದಿರುವ ಪತ್ರಗಳನ್ನೂ ಕಲೆಹಾಕಿ ದಾಖಲಿಸುವ ಕೆಲಸವನ್ನು ಕನ್ನಡದ ಸಂಶೋಧಕರು ತಡಮಾಡದೆ ಕೈಗೆತ್ತಿಕೊಳ್ಳಬೇಕು.