ಕ್ಯಾಪಬ್ಲಾಂಕನನ್ನು ಮಣಿಸಿದ ಪಂಜಾಬಿನ ಸುಲ್ತಾನ್ ಖಾನ್

ಚದುರಂಗದಲ್ಲಿ ‘ಕ್ವೀನ್ಸ್ ಇಂಡಿಯನ್ ಡಿಫೆನ್ಸ್’ ಎಂಬ ಪ್ರಸಿದ್ಧ ಆರಂಭವಿದೆ. ಅದರ ಹೆಸರಿನಲ್ಲಿ ‘ಇಂಡಿಯನ್’ ಏಕೆ ಬಂತೆಂದು ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಯೋಚಿಸಿರಬಹುದು. ನಮ್ಮ ಹಿಂದಿನ ಆಟದಲ್ಲಿ ಪದಾತಿಗೆ ಮೊದಲ ನಡೆಯಲ್ಲಿ ಎರಡು ಮನೆ ದಾಟುವ ಅವಕಾಶವಿರಲಿಲ್ಲ. ಆದ್ದರಿಂದ ಭಾರತೀಯರು ಮೆಲ್ಲನೆ ಒಂದೊಂದೇ ಮನೆ ಮುಂದಿಟ್ಟು, ಒಂಟೆಯನ್ನು ಪಕ್ಕದಿಂದ ಹೊರತರುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಕಲ್ಕತ್ತೆಯಲ್ಲಿ ಮಹೇಶಚಂದ್ರ ಬ್ಯಾನರ್ಜಿಯವರು ಜಾನ್ ಕಾಕ್ರೇನ್ ಎಂಬ ಸ್ಕಾಟ್ಲೆಂಡಿನವನೊಡನೆ ಹೀಗೆ ಆಡಿದ ಆಟಗಳಿಂದ ಆ ಹೆಸರು ನಿಂತಿತು.

ವಿಚಿತ್ರವೆಂದರೆ, 1930–31ರ ಹೇಸ್ಟಿಂಗ್ಸ್ ಪಂದ್ಯಾವಳಿಯಲ್ಲಿ ಈ ಆರಂಭವನ್ನು ಕಪ್ಪು ಕಾಯಿಗಳಿಂದ ಆಡಿದವನು ಕ್ಯೂಬಾದ ಕ್ಯಾಪಬ್ಲಾಂಕ, 1921ರಿಂದ 1927ರವರೆಗೆ ವಿಶ್ವ ಚಾಂಪಿಯನ್ ಆಗಿದ್ದವನು. ಅವನ ಎದುರು ಕುಳಿತವರು ನಿಜವಾದ ಭಾರತೀಯರು: ಪಂಜಾಬಿನ ಮೀರ್ ಸುಲ್ತಾನ್ ಖಾನ್. ಸರ್ ಉಮರ್ ಹಯಾತ್ ಖಾನ್ ಎಂಬ ಜಮೀನುದಾರರ ಆಶ್ರಯದಲ್ಲಿದ್ದ ಅವರು, ಭಾರತೀಯ ನಿಯಮಗಳಲ್ಲಿ ಆಡಿ ಬೆಳೆದವರು. 1929ರಲ್ಲಿ ಇಂಗ್ಲೆಂಡಿಗೆ ಹೋಗಿ ಅದೇ ವರ್ಷ ಬ್ರಿಟಿಷ್ ಚಾಂಪಿಯನ್ ಆದರು.

ಐದನೆಯ ನಡೆಯಲ್ಲಿ ಅವರು ಮಂತ್ರಿಯ ಪಕ್ಕದ ಕೊನೆಯ ಪದಾತಿಯನ್ನು ಒಂದೇ ಮನೆ ಮುಂದಿಟ್ಟರು. ನೋಡಲು ಸಾಮಾನ್ಯ ನಡೆ. ಆದರೆ ಎದುರಾಳಿಯ ಒಂಟೆ ಬಂದು ಕುದುರೆಯನ್ನು ಕಟ್ಟಿಹಾಕುವುದನ್ನು ಅದು ತಡೆಯುತ್ತದೆ. ಈ ಯೋಜನೆಯೇ ಮುಂದೆ ಪೆಟ್ರೋಸಿಯನ್ ಹೆಸರಿನಲ್ಲಿ ಪ್ರಸಿದ್ಧವಾಯಿತು. ಕಾಸ್ಪರೋವ್ ಅದನ್ನು ಅಸ್ತ್ರವಾಗಿಸಿಕೊಂಡರು.

ಇಪ್ಪತ್ತೊಂದನೆಯ ನಡೆಯಲ್ಲಿ ಕ್ಯಾಪಬ್ಲಾಂಕನ ಆನೆ ರಾಜನಿಗೆ ಷಹ ಕೊಟ್ಟಿತು. ಸುಲ್ತಾನ್ ಖಾನರು ಕಂಗೆಡಲಿಲ್ಲ. ತಮ್ಮ ಮಂತ್ರಿಯನ್ನು ಕೊಟ್ಟು ಎರಡೂ ಆನೆಗಳನ್ನು ಪಡೆದರು. ಅನಂತರದ್ದೆಲ್ಲ ತಾಳ್ಮೆಯ ಪರೀಕ್ಷೆ. ಒಂಟಿ ಮಂತ್ರಿ ಎಷ್ಟು ಸುತ್ತಿದರೂ ಕೋಟೆಯಲ್ಲಿ ಬಿರುಕು ಕಾಣಲಿಲ್ಲ. ಅರವತ್ತೈದು ನಡೆಗಳಾದ ಮೇಲೆ ಕ್ಯಾಪಬ್ಲಾಂಕ ಸೋಲೊಪ್ಪಿದ. ಪಂದ್ಯಾವಳಿಯಲ್ಲಿ ಮ್ಯಾಕ್ಸ್ ಯೂವೆ ಪ್ರಥಮ, ಕ್ಯಾಪಬ್ಲಾಂಕ ದ್ವಿತೀಯ, ಸುಲ್ತಾನ್ ಖಾನ್ ತೃತೀಯ.

1932 ಮತ್ತು 1933ರಲ್ಲಿ ಮತ್ತೆ ಬ್ರಿಟಿಷ್ ಚಾಂಪಿಯನ್ ಆದರೂ, 1933ರ ಕೊನೆಗೆ ಅವರು ಆಶ್ರಯದಾತರೊಡನೆ ಸ್ವದೇಶಕ್ಕೆ ಮರಳಿದರು. ಅಲ್ಲಿಗೆ ಅವರ ಅಂತರರಾಷ್ಟ್ರೀಯ ಆಟ ಮುಗಿಯಿತು. 1950ರಲ್ಲಿ ಫಿಡೆ ಸಂಸ್ಥೆ ಗ್ರ್ಯಾಂಡ್‌ಮಾಸ್ಟರ್ ಬಿರುದುಗಳನ್ನು ಹಂಚಿದಾಗ ಅವರ ಹೆಸರು ಪಟ್ಟಿಯಲ್ಲಿರಲಿಲ್ಲ. 1966ರಲ್ಲಿ ಪಾಕಿಸ್ತಾನದಲ್ಲಿ ತೀರಿಕೊಂಡರು. ಗೌರವ ಗ್ರ್ಯಾಂಡ್‌ಮಾಸ್ಟರ್ ಬಿರುದು ಬಂದದ್ದು 2024ರಲ್ಲಿ, ಅವರು ಗತಿಸಿ ಸುಮಾರು 58 ವರ್ಷಗಳಾದ ಮೇಲೆ.

ಪ್ರತಿಭೆಗೆ ಆಶ್ರಯ ಬೇಕು, ನಿಜ. ಆದರೆ ಆಶ್ರಯದಾತನ ಪಯಣ ಮುಗಿದಲ್ಲಿಗೇ ಪ್ರತಿಭೆಯ ದಾರಿಯೂ ಮುಗಿಯುವಂತಾದರೆ ಅದು ನಾಡಿಗೇ ಆಗುವ ನಷ್ಟ. ಮನೆಯಲ್ಲಿ ಚದುರಂಗದ ಹಲಗೆಯಿದ್ದರೆ ಈ ಆಟವನ್ನು ಮಕ್ಕಳೊಡನೆ ನಡೆನಡೆಯಾಗಿ ಇಟ್ಟು ನೋಡಿ. ಆ ಮಹನೀಯರಿಗೆ ನಾವು ಸಲ್ಲಿಸಬಹುದಾದ ಗೌರವ ಅದೇ ಎಂದು ನಾನು ಭಾವಿಸುತ್ತೇನೆ.