ಬಾಸ್ಟನ್ನಿನ ಪಾಂಜಿ ಮತ್ತು ಹೆಸರುಗಳ ಪಟ್ಟಿ

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಅವನ ತಾಯಿ ಉಳಿತಾಯದ ಹಣವನ್ನೆಲ್ಲ ಒಂದು ಸರಪಳಿ ಯೋಜನೆಗೆ ಹಾಕಿ ಕಳೆದುಕೊಂಡಿದ್ದಾರೆ. ಅವರನ್ನು ಸೇರಿಸಿದಾಕೆ ಅದೇ ಬೀದಿಯವರು. "ಮೇಷ್ಟ್ರೇ, ಸೇರಿದವರು, ಸೇರಿಸಿದವರು ಎಲ್ಲರ ಹೆಸರನ್ನೂ ಅಚ್ಚು ಹಾಕಿಸಿ ಊರ ಗೋಡೆಗಳಿಗೆ ಅಂಟಿಸಿಬಿಡುತ್ತೇನೆ. ತಪ್ಪೇನು?" ಎಂದು ಕೇಳಿದ. ತಕ್ಷಣ ಉತ್ತರ ಹೊಳೆಯಲಿಲ್ಲ. ಇತಿಹಾಸ ಕಲಿಸಿದವನಿಗೆ ಹಳೆಯ ಪುಟಗಳೇ ಗತಿ.

ಇಂಥ ಮೋಸಕ್ಕೆ ತನ್ನ ಹೆಸರನ್ನೇ ಕೊಟ್ಟ ಚಾರ್ಲ್ಸ್ ಪಾಂಜಿ ಇಟಲಿಯಿಂದ ಅಮೆರಿಕೆಗೆ ವಲಸೆ ಹೋದವನು. ಅಂಚೆಯ ಅಂತರರಾಷ್ಟ್ರೀಯ ಉತ್ತರ ಕೂಪನ್‌ಗಳನ್ನು ಯುದ್ಧಾನಂತರ ನಾಣ್ಯದ ಬೆಲೆ ಕುಸಿದಿದ್ದ ದೇಶಗಳಲ್ಲಿ ಅಗ್ಗಕ್ಕೆ ಕೊಂಡು ಅಮೆರಿಕದಲ್ಲಿ ಲಾಭಕ್ಕೆ ಬದಲಾಯಿಸುತ್ತೇನೆಂದು ಬಾಸ್ಟನ್ ನಗರದಲ್ಲಿ ಹೇಳಿಕೊಂಡು, ನೂರು ಡಾಲರಿಗೆ ನೂರೈವತ್ತು ಕೊಡುವುದಾಗಿ ಪತ್ರ ಬರೆದುಕೊಡುತ್ತಿದ್ದ. ಗಡುವು 90 ದಿನ, ಕೊಡುತ್ತಿದ್ದುದು 45ಕ್ಕೇ. ಎಂಟು ತಿಂಗಳಲ್ಲಿ 95 ಲಕ್ಷ ಡಾಲರಿಗೂ ಮೀರಿ ಹಣ ಹರಿದುಬಂತು. ವ್ಯಾಪಾರವೆಂಬುದು ಇರಲೇ ಇಲ್ಲ. ಹಿಂದೆ ಬಂದವರ ಹಣವೇ ಮುಂದೆ ಬಂದವರ ಬಡ್ಡಿ. ಜನರನ್ನು ಕರೆತಂದ ದಲ್ಲಾಳಿಗಳಿಗೆ ನೂರಕ್ಕೆ ಹತ್ತು ಡಾಲರ್ ಕಮಿಷನ್ ಬೇರೆ.

ಬಾಸ್ಟನ್ ಪೋಸ್ಟ್ ಪತ್ರಿಕೆ ಜುಲೈ ಕೊನೆಯಿಂದ ಅವನ ಬೆನ್ನು ಹತ್ತಿತು. 1920ರ ಆಗಸ್ಟ್ 2ರಂದು, ಪಾಂಜಿಯ ಪ್ರಚಾರಕ್ಕೆ ನೇಮಕವಾಗಿದ್ದ ವಿಲಿಯಂ ಮೆಕ್‌ಮಾಸ್ಟರ್ಸ್ ಅದರಲ್ಲಿ ಬರೆದು, ಈತ ಪೂರ್ತಿ ದಿವಾಳಿ ಎಂದು ಸಾರಿದ. ಸ್ವಲ್ಪ ದಿನಗಳಲ್ಲೇ, ಪಾಂಜಿ ಹಿಂದೆ ಕೆನಡಾದಲ್ಲಿ ಫೋರ್ಜರಿಗಾಗಿ ಜೈಲು ಕಂಡಿದ್ದನೆಂಬುದೂ ಬಯಲಾಯಿತು. ಪತ್ರಿಕೆಗೆ ಮರುವರ್ಷ ಪುಲಿಟ್ಜರ್ ಪ್ರಶಸ್ತಿ ಬಂತು. ಬಯಲಿಗೆಳೆಯುವುದೆಂದರೆ ಇದು. ಮುಚ್ಚಿಟ್ಟಿದ್ದರೆ ಇನ್ನೆಷ್ಟು ಮನೆಗಳು ಹಾಳಾಗುತ್ತಿದ್ದವೋ!

ನನ್ನ ಶಿಷ್ಯನ ಪ್ರಶ್ನೆ ಮಾತ್ರ ಪಾಂಜಿಯದಲ್ಲ, ಪಾಂಜಿಗೆ ಹಣ ಕೊಟ್ಟವರದು. ಆಗಸ್ಟ್ 2ರ ಲೇಖನ ಓದಿದವರು ಅವನ ಕಚೇರಿಗೆ ನುಗ್ಗಿ, ಬ್ಯಾಂಕಿನಲ್ಲಿ ಹಣವಿರುವವರೆಗೆ ಅಸಲನ್ನಾದರೂ ಹಿಂಪಡೆದರು. ಒಂದು ವಾರದಲ್ಲಿ ಬೊಕ್ಕಸ ಬರಿದಾಗಿ, ಉಳಿದವರು ಕೈಚೆಲ್ಲಿ ನಿಂತರು. ಹಣ ಪಡೆದು ಹೋದವರು ಮಾಡಿದ್ದು ತಪ್ಪೇ? ತಮ್ಮದೇ ಅಸಲಲ್ಲವೇ? ಕೆಳಗಿನ ಎರಡು ನ್ಯಾಯಾಲಯಗಳೂ ಅವರ ಪರವಾಗಿಯೇ ಇದ್ದವು. ಆದರೆ 1924ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹಣ ಹಿಂದಿರುಗಿಸಿರೆಂದು ತೀರ್ಪಿತ್ತಿತು. ಬರೆದವರು ಮುಖ್ಯ ನ್ಯಾಯಾಧೀಶ ವಿಲಿಯಂ ಟಾಫ್ಟ್. ಅದಕ್ಕೆ ಮುಂಚೆ ಆ ದೇಶದ ಅಧ್ಯಕ್ಷರೂ ಆಗಿದ್ದವರು. ಮೋಸ ಹೋದವರೆಲ್ಲ ಸಮಾನರು. ದಿವಾಳಿಯೆಂದು ತಿಳಿದ ಮೇಲೆ ಮೊದಲು ಓಡಿಬಂದವನಿಗೆ ಹೆಚ್ಚಿನ ಹಕ್ಕು ಬರುವುದಿಲ್ಲ ಎಂಬುದು ಅವರ ವಾದದ ತಿರುಳು. ಗಮನಿಸಿ, ಅಲ್ಲಿ ತೀರ್ಮಾನವಾದದ್ದು ಯಾವ ದಿನ ಪಡೆದರು, ಎಷ್ಟು ಪಡೆದರು ಎಂಬುದರ ಮೇಲೆ. ಪಾಂಜಿಯನ್ನು ನಂಬಿದ್ದೇ ಅಪರಾಧವೆಂದು ಯಾರೂ ಹೇಳಲಿಲ್ಲ.

ನಮ್ಮ ಕಾನೂನು ಒಮ್ಮೆ ಇದಕ್ಕಿಂತ ನಿಷ್ಠುರವಾಗಿತ್ತು. ಬಹುಮಾನ ಚೀಟಿ ಮತ್ತು ಹಣ ಚಲಾವಣೆ ಯೋಜನೆಗಳನ್ನು ನಿಷೇಧಿಸಿದ 1978ರ ಕಾಯಿದೆಯು ಯೋಜನೆ ನಡೆಸಿದವನನ್ನಷ್ಟೇ ಅಲ್ಲ, ಸದಸ್ಯನಾಗಿ ಸೇರಿದವನನ್ನೂ ಅಪರಾಧಿಯೆಂದೇ ಎಣಿಸುತ್ತದೆ. ಹಾಗಿರುವಾಗ ಹಣ ಕಳೆದುಕೊಂಡವನು ಯಾವ ಧೈರ್ಯದಿಂದ ಠಾಣೆಯ ಮೆಟ್ಟಿಲು ಹತ್ತಿಯಾನು? ಅನಿಯಂತ್ರಿತ ಠೇವಣಿಗಳನ್ನು ನಿಷೇಧಿಸಿದ 2019ರ ಕಾಯಿದೆ ಠೇವಣಿ ಪಡೆದವನ ಮೇಲೆ ಕಣ್ಣಿಟ್ಟಿದೆ, ಇಟ್ಟವನ ಮೇಲಲ್ಲ. ಇದೇ ಸರಿಯೆಂದು ನನಗೆ ತೋರುತ್ತದೆ.

ಪಟ್ಟಿ ಪ್ರಕಟವಾದ ನಿದರ್ಶನವೂ ಉಂಟು. ಬರ್ನಾರ್ಡ್ ಮ್ಯಾಡಾಫ್ 2008ರಲ್ಲಿ ಸಿಕ್ಕಿಬಿದ್ದ ಬಳಿಕ, 2009ರ ಫೆಬ್ರವರಿಯಲ್ಲಿ ಅವನ ಗ್ರಾಹಕರ ಹೆಸರುಗಳು ನ್ಯೂಯಾರ್ಕಿನ ದಿವಾಳಿ ನ್ಯಾಯಾಲಯದ ಮೂಲಕ ಹೊರಬಂದವು: 162 ಪುಟ. ಮೊತ್ತ ನಮೂದಾಗಿರಲಿಲ್ಲ. ವರ್ಷಗಟ್ಟಲೆ ಲಾಭ ಪಡೆದವನೂ ಎಲ್ಲ ಕಳೆದುಕೊಂಡ ಮುದುಕಿಯೂ ಒಂದೇ ಸಾಲಿನಲ್ಲಿ. ನೆರೆಹೊರೆಯವರಿಗೆ ಹರಟೆಗೆ ವಸ್ತುವಾಯಿತು, ಅಷ್ಟೇ.

ಶಿಷ್ಯನ ಕೈಯಲ್ಲಿದ್ದ ಹಾಳೆಯನ್ನು ನೋಡಿದೆ. ಅದರಲ್ಲೂ ಬರೀ ಹೆಸರುಗಳು. "ಪ್ರತಿ ಹೆಸರಿನ ಮುಂದೆ ಕೊಟ್ಟದ್ದೆಷ್ಟು, ಪಡೆದದ್ದೆಷ್ಟು, ಯಾರನ್ನು ಸೇರಿಸಿದರು, ಯಾವ ದಿನ ಎಂದು ಬರೆದು ಪೊಲೀಸರಿಗೆ ಕೊಡಪ್ಪ. ಗೋಡೆಗೆ ಬೇಡ. ಗೋಡೆಯ ಮೇಲೆ ನಿನ್ನ ತಾಯಿಯ ಹೆಸರೂ ಇರುತ್ತದೆ" ಎಂದೆ. ಅವನು ಒಪ್ಪಿದನೆಂದು ಹೇಳಲಾರೆ. ಸುಮ್ಮನೆ ಹಾಳೆ ಮಡಿಸಿಕೊಂಡು ಹೋದ.

ಅವನಿಗೆ ಹೇಳದೆ ಉಳಿಸಿಕೊಂಡ ಮಾತೊಂದಿದೆ. ಮೂವತ್ತು ವರ್ಷಗಳ ಹಿಂದೆ ನಮ್ಮ ಶಿಕ್ಷಕರ ಕೊಠಡಿಗೂ ಇಂಥದೊಂದು ಯೋಜನೆ ಬಂದಿತ್ತು. ನಾನು ಸೇರಿದ್ದಲ್ಲದೆ ಇಬ್ಬರನ್ನು ಸೇರಿಸಿದೆ: ನನ್ನ ಭಾವಮೈದುನ ಮತ್ತು ಶಾಲೆಯ ಜವಾನ. ನನ್ನ ಹಣ ತುಸು ಲಾಭದೊಂದಿಗೆ ಮರಳಿತು, ಅವರದು ಮುಳುಗಿತು. ಭಾವಮೈದುನನಿಗೆ, ಮನೆಯವರ ಮುಖ ನೋಡಿ, ಕೊಟ್ಟು ತೀರಿಸಿದೆ. ಜವಾನ ಕೇಳಲಿಲ್ಲ, ನಾನೂ ಕೊಡಲಿಲ್ಲ. ಅವನಿಗೆ ವರ್ಗವಾಯಿತು. ನಿಮ್ಮೆಲ್ಲರಿಗೂ ಸಂಜೆಯ ಗಂಟೆ ಹೊಡೆದು ಬಿಡುಗಡೆ ಕೊಡುತ್ತಿದ್ದವನು ಅವನೇ. ಅವನ ಅಥವಾ ಅವನ ಮಕ್ಕಳ ವಿಳಾಸ ಯಾರಿಗಾದರೂ ಗೊತ್ತಿದ್ದರೆ ದಯಮಾಡಿ ತಿಳಿಸಿ.